ಇಪ್ಪತ್ತೆರಡು ತೂಯಾ

ಪೊಜ್ನಾನ್ ನಗರ ಮುಗಿದು ಬೀಟ್ ಹೊಲ ಶುರುವಾಗುವ ಕಡೆ
ನನ್ನ ಹಿತ್ತಿಲಿಗೂ ಪಾನ್ ಲೂಬೊಮಿರನ ಹಿತ್ತಿಲಿಗೂ ನಡುವೆ
ಒಂದು ತಂತಿಬಲೆ. ಅಷ್ಟೇ.
ಬಲೆಗೆ ಎಷ್ಟು ಕಣ್ಣೋ
ಆಚೆ ಮನೆಗೂ ಅಷ್ಟು ಅಂದುಕೊಂಡಿದ್ದೆ.

ಗಂಡ ಹೋಗಿ ಎರಡು ದಿನ. ಅಂಗಿಗಳು ಇನ್ನೂ ಹಗ್ಗದ ಮೇಲೆ.
ಆಗಸ್ಟಿನ ಬೆಳಗ್ಗೆ, ಮಲಗುವ ಬಟ್ಟೆಯಲ್ಲೇ ಹೊರಬಂದು
ಎಲ್ಲವನ್ನೂ ಕಿತ್ತು ನೆಲಕ್ಕೆ ಹಾಕಿ ತುಳಿದೆ.
ಎಂಟು ಅಂಗಿ. ಒಂದು ನನ್ನದೇ ಇತ್ತು, ಆಮೇಲೆ ಗೊತ್ತಾಯಿತು.
ತಲೆಯೆತ್ತಿದರೆ ಬಲೆಯಾಚೆ ಮುದುಕ, ಕೈಯಲ್ಲಿ ಪ್ಲಮ್ ಬುಟ್ಟಿ.
ನೋಡಿದ್ದ. ನೋಡಿಲ್ಲವೆಂಬಂತೆ ಬಗ್ಗಿ
ಬಿದ್ದೇ ಇರದ ಹಣ್ಣು ಹೆಕ್ಕತೊಡಗಿದ.

ಏನಾಯಿತೆಂದು ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ.
ಆ ಬಗ್ಗಿದ ಬೆನ್ನನ್ನು ಏನು ಮಾಡಲಿ?

ಅಕ್ಟೋಬರಿನಲ್ಲಿ ಇಪ್ಪತ್ತೆರಡು ತೂಯಾ ತಂದೆ.
ಎಲೆ ಉದುರಿಸದ ಜಾತಿ, ಎಂದ ನರ್ಸರಿಯವ,
ಹನ್ನೆರಡು ತಿಂಗಳೂ ಹಸಿರು ಗೋಡೆ.
ಬಾಡಿಗೆ ಟ್ರೇಲರಿನಲ್ಲಿ, ಪ್ರವಾಸ ಮುಗಿಸಿದ ಶಾಲೆಮಕ್ಕಳ ಹಾಗೆ
ಒಂದರ ಮೇಲೊಂದು ವಾಲಿಕೊಂಡು ಬಂದವು ಗೋಡೆಗಳು,
ನನ್ನ ಮೊಣಕಾಲೆತ್ತರ.

ಮೊದಲ ಗುಂಡಿಗೇ ಬಲೆಯಾಚೆಯಿಂದ ದನಿ:
“ಪಾನಿ ಬೊಗ್ನಾ, ದಾರ ಕಟ್ಟದೆ ಗೆರೆ ನಿಲ್ಲಲ್ಲ.”
ಉಂಡೆ ಎಸೆದ. ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವನು.
“ಬಲೆಗೆ ಒತ್ತಬೇಡಿ, ಮೂರು ಗೇಣು ಬಿಡಿ. ಅದಕ್ಕೂ ಭುಜ ಬರುತ್ತೆ.
ಬೇರು ಬಿಡಿಸಿ ಇಡಿ. ಕುಂಡದಲ್ಲಿ ಸುತ್ತಿ ಸುತ್ತಿ ರೂಢಿಯಾಗಿದೆ,
ಬಿಡಿಸದಿದ್ದರೆ ಬಯಲಲ್ಲೂ ಸುತ್ತುತ್ತಲೇ ಇರುತ್ತೆ.”
ನಲವತ್ತು ವರ್ಷ ಊರಿನ ಕ್ಷೌರಿಕ, ಈಗ ಎಂಬತ್ತೊಂದು,
ತನ್ನನ್ನೇ ಮರೆಮಾಡುವ ಬೇಲಿಗೆ ಅಳತೆ ಹೇಳುತ್ತ ನಿಂತಿದ್ದ.
“ನಾನು ನಿಮಗೆ ಕಾಣದಂತಾಗಲು ಆರು ವರ್ಷ ಬೇಕು,” ಎಂದ.
ಬೆರಳು ಮಡಚಿ ಲೆಕ್ಕ ಹಾಕಿ,
“ಅದಕ್ಕಿಂತ ಬೇಗ ಆದರೂ ಆದೀತು.”
ನಗಬೇಕೋ ಬೇಡವೋ ತಿಳಿಯದೆ ಮಣ್ಣು ತುಳಿದೆ.

ನವೆಂಬರಿನ ಕೊನೆಗೆ ಕಿಟಕಿ ತಟ್ಟಿದ.
“ಇವತ್ತೇ ನೀರು ಹಾಕಿ, ನಾಳೆ ನೆಲ ಕಲ್ಲಾಗುತ್ತೆ.
ಎಲೆ ಉದುರಿಸೋ ಮರ ನಿದ್ದೆ ಹೋಗುತ್ತೆ, ಇದಕ್ಕೆ ನಿದ್ದೆ ಇಲ್ಲ.
ಚಳಿಗಲ್ಲ, ಬಾಯಾರಿ ಸಾಯುತ್ತೆ ಇದು.”
ಕತ್ತಲಾಗುವವರೆಗೂ ಬಕೆಟ್ ಹೊತ್ತೆ.
ಕೊನೆಯ ನಾಲ್ಕನ್ನು ಬಲೆಯ ಮೇಲಿಂದ ದಾಟಿಸಿದ, ಬಿಸಿ ಉಸಿರು ಬಿಡುತ್ತ.

ಮೊದಲ ವರ್ಷ ಅವು ಮರೆಮಾಡಿದ್ದು ಅವನ ಬೆಕ್ಕನ್ನು.
ಎರಡನೆಯ ವರ್ಷ ನನ್ನ ಬಕೆಟ್ಟನ್ನು.
ಆಮೇಲೆ ಸೊಂಟದವರೆಗೆ ನನ್ನನ್ನು: ಕೆಳಗೆ ಖಾಸಗಿ, ಮೇಲೆ ಊರಿನದು.
ಐದರ ಹೊತ್ತಿಗೆ ಅವನೆಂದರೆ ಬರೀ ಟೋಪಿ.
ದಿನಾ ಏಳೂವರೆಗೆ ಹಸಿರಿನ ಮೇಲೆ ತೇಲಿ ಬಂದು ನಿಲ್ಲುವುದು,
ಅಂಚಿಗೆ ಎರಡು ಬೆರಳು ತಾಗುವುದು, ಮುಂದೆ ಸಾಗುವುದು.

ಮರೆಯಲಾಗದ್ದಕ್ಕೆ ಮರೆ ಬೇಕೆಂದಿದ್ದೆ.
ಮರೆ ಬೆಳೆಯುವಷ್ಟರಲ್ಲಿ ಮರೆತೇ ಹೋಗಿತ್ತು.
ಆ ಅಂಗಿಗಳ ಬಣ್ಣ ಕೇಳಿದರೆ ಈಗ ತಡವರಿಸುತ್ತೇನೆ,
ತುಳಿದ ನನ್ನ ಅಂಗಿಯೊಂದನ್ನು ಬಿಟ್ಟು. ಅದು ನೀಲಿ.

ಈ ಮೇ ತಿಂಗಳು ಏಣಿ ಹಾಕಿ ನನ್ನ ಕಡೆ ಸವರಿದೆ.
ಗುಡ್ಡ, ಹಳ್ಳ, ಇಲಿ ತಿಂದ ರೊಟ್ಟಿ.
ಇಳಿಯುವಾಗ ಹೊಳೆಯಿತು, ಬೇಲಿಗೂ ಬೆನ್ನಿದೆ,
ಏಳು ವರ್ಷ ನೀರೆರೆದದ್ದರ ಬೆನ್ನು ನಾನು ನೋಡೇ ಇಲ್ಲ.
ರಸ್ತೆ ಸುತ್ತಿ ಅವನ ಗೇಟು ತೆರೆದೆ.

ಬಲೆಯ ಕಣ್ಣು ದಾಟಿದ ಒಂದೊಂದು ಚಿಗುರೂ ಒಂದೇ ಅಳತೆ.
ಕಿವಿಯ ಹಿಂದೆ ಕತ್ತರಿಸುವಷ್ಟು ಎಚ್ಚರ, ಕಂಬಗಳ ಸುತ್ತ.
ಸ್ಟೂಲಿನ ಮೇಲೆ ಕತ್ತರಿ, ಬಾಚಣಿಗೆ.
ಹೌದು, ಬಾಚಣಿಗೆ.

ನನ್ನ ಕೂದಲಲ್ಲಿ ಸಿಕ್ಕಿದ್ದ ತೂಯಾ ಚೂರು ನೋಡಿ
ಅವನ್ನೆತ್ತಿ ಸ್ಟೂಲು ಒರೆಸಿ ಎಳೆದ.
“ಅಲ್ಲಾಡಬೇಡಿ,” ಎಂದ.
ಅವನಿಗೆ ಬೆನ್ನು ಹಾಕಿ ಕೂತೆ.